ಗೀಜಗನ ಅರ್ಧ ಗೂಡು



ಗೀಜಗ ಮತ್ತು ಕೋತಿಯ ಕಥೆ ನಿಮಗೆಲ್ಲ ಗೊತ್ತು. ಸುರಿಯುವ ಮಳೆಯಲ್ಲಿ ನಡುಗುತ್ತ ಕೂತಿದ್ದ ಕೋತಿಗೆ ಗೀಜಗ ತನ್ನ ಬೆಚ್ಚನೆಯ ಗೂಡಿನಿಂದಲೇ ಬುದ್ಧಿ ಹೇಳಿತು. ಮನುಷ್ಯರ ಹಾಗೆ ಕೈಕಾಲು ಇದ್ದೂ ಒಂದು ಮನೆ ಕಟ್ಟಿಕೊಳ್ಳಲಿಲ್ಲವಲ್ಲ ಎಂದಿತು. ಕೋತಿಗೆ ಸಿಟ್ಟು ಬಂತು. ಮರ ಹತ್ತಿ ಗೂಡನ್ನು ಕಿತ್ತು ಚೂರುಚೂರು ಮಾಡಿತು. ಕಷ್ಟದಲ್ಲಿ ಇರುವವರಿಗೆ ಬೆಚ್ಚಗೆ ಕೂತವರು ಬುದ್ಧಿ ಹೇಳಬಾರದು ಎಂದು ಹಿರಿಯರು ಈ ಕಥೆ ಹೇಳುತ್ತಿದ್ದರು. ಆದ್ದರಿಂದ ಈ ಲೇಖನದಲ್ಲಿ ನಿಮಗೆ ಬುದ್ಧಿ ಹೇಳುವ ಉದ್ದೇಶವಿಲ್ಲ. ಮೇವು ಕೊಯ್ಯಲು ಹೋಗುವಾಗ ನಿಮ್ಮ ಬದುವಿನ ಮರದಲ್ಲೇ ಕಾಣುವ ಒಂದು ಕೆಲಸವನ್ನು ತೋರಿಸುವುದಷ್ಟೇ ಉದ್ದೇಶ.

ಆ ಕಥೆ ಗೂಡು ಕಿತ್ತಲ್ಲಿಗೆ ಮುಗಿದುಹೋಗುತ್ತದೆ. ಆಮೇಲೆ ಗೀಜಗ ಏನು ಮಾಡಿತು ಎಂದು ಕಥೆ ಹೇಳುವುದಿಲ್ಲ. ಆದರೆ ಮರದ ಮೇಲಿನ ನಿಜವಾದ ಗೀಜಗ ಕಟ್ಟಿದ ಗೂಡು ಕೈತಪ್ಪಿದಾಗ ಏನು ಮಾಡುತ್ತದೆ ಎಂಬುದನ್ನು ನೋಡಿದವರಿದ್ದಾರೆ. ಹಸು ಕಳೆದುಕೊಂಡವರು, ಹಾಲು ಇಳಿದು ಲೆಕ್ಕ ತಪ್ಪಿದವರು, ಹಸು ಮಾರಿ ಊರು ಬಿಡೋಣವೇ ಎಂದು ಯೋಚಿಸುತ್ತಿರುವವರು ಇದನ್ನು ಒಮ್ಮೆ ಓದಬೇಕೆಂದು ಕೋರಿಕೆ.

ಐನೂರು ಸಲದ ಓಡಾಟ

ಮುಂಗಾರು ಹಿಡಿದು ಹೊಲಗದ್ದೆ ಹಸಿರಾದರೆ ಗೀಜಗನಿಗೆ ಕೆಲಸ ಶುರು. ನೆತ್ತಿಯೂ ಎದೆಯೂ ಹಳದಿಯಾಗಿ, ಕೆನ್ನೆ ಕಪ್ಪಾಗಿರುವ ಹಕ್ಕಿ ಗಂಡು. ಹೆಣ್ಣು ನೋಡಲು ಹೆಚ್ಚುಕಡಿಮೆ ಗುಬ್ಬಚ್ಚಿಯ ಹಾಗೆ. ಗೂಡು ಕಟ್ಟುವುದು ಗಂಡು.

ಅದು ಎಳೆ ತೆಗೆಯುವ ರೀತಿಯನ್ನು ಗಮನಿಸಿ. ಭತ್ತದ ಗರಿಯ ಅಥವಾ ಹುಲ್ಲಿನ ಅಂಚನ್ನು ಕೊಕ್ಕಿನಲ್ಲಿ ಕಚ್ಚಿ ಹಿಡಿದು ಹಾರುತ್ತದೆ. ಹಾರುವ ರಭಸಕ್ಕೆ ಗರಿ ಉದ್ದಕ್ಕೆ ಸೀಳಿ ಒಂದು ಎಳೆ ಬರುತ್ತದೆ. ಒಂದೊಂದು ಎಳೆ ಸುಮಾರು ಒಂದು ಗೇಣಿನಿಂದ ಎರಡೂವರೆ ಗೇಣು ಉದ್ದ. ಅದನ್ನು ತಂದು ಕೊಂಬೆಗೆ ಸುತ್ತಿ, ಗಂಟು ಹಾಕಿ, ಒಂದರೊಳಗೆ ಒಂದು ತೂರಿಸಿ ನೇಯುತ್ತದೆ. ಒಂದು ಗೂಡು ಪೂರ್ತಿಯಾಗಲು ಸುಮಾರು 18 ದಿನ. ಅದಕ್ಕಾಗಿ 500 ಸಲದವರೆಗೂ ಹೋಗಿಬರುತ್ತದೆ ಎಂದು ಪಕ್ಷಿತಜ್ಞರು ದಾಖಲಿಸಿದ್ದಾರೆ.

ನಿಮ್ಮ ಲೆಕ್ಕದಲ್ಲಿ ಹೇಳುವುದಾದರೆ, ದಿನಕ್ಕೆ ಎರಡು ಹೊತ್ತಿನಂತೆ ಸಂಘಕ್ಕೆ 500 ಸಲ ಹಾಲು ಹಾಕಲು 250 ದಿನ ಬೇಕು. ಹಸು ಕರು ಹಾಕಿ, ಹಾಲು ಕೊಟ್ಟು, ಬತ್ತುವ ಹೊತ್ತಿಗೆ ನೀವು ಹೆಚ್ಚುಕಡಿಮೆ ಅಷ್ಟು ಸಲ ಕ್ಯಾನು ಹಿಡಿದು ನಡೆದಿರುತ್ತೀರಿ. ಅದರಲ್ಲಿ ಯಾವ ಒಂದು ದಿನದ ನಡಿಗೆಯೂ ದೊಡ್ಡದಲ್ಲ, ಯಾರೂ ಅದಕ್ಕೆ ಚಪ್ಪಾಳೆ ತಟ್ಟುವುದಿಲ್ಲ. ಆದರೆ ಮಗಳ ಕಾಲೇಜು ಫೀಸು ಆ ನಡಿಗೆಯಿಂದಲೇ ಬಂದಿರುತ್ತದೆ.

ಒಪ್ಪಿಗೆ ಸಿಗದ ಗೂಡು

ಈಗ ಮುಖ್ಯ ವಿಷಯಕ್ಕೆ ಬರೋಣ. ಗೀಜಗ ಗೂಡನ್ನು ಒಂದೇ ಉಸಿರಿಗೆ ಪೂರ್ತಿ ಮಾಡುವುದಿಲ್ಲ. ಸುಮಾರು ಎಂಟು ದಿನದ ಕೆಲಸದ ನಂತರ ಗೂಡು ತಲೆಕೆಳಗಾದ ಬುಟ್ಟಿಯ ಹಾಗೆ, ಅರ್ಧಕ್ಕೆ ನಿಲ್ಲುತ್ತದೆ. ಕೆಳಗೆ ಇಳಿಬಿದ್ದ ಉದ್ದನೆಯ ಕೊಳವೆ ಆಗಿನ್ನೂ ಇರುವುದಿಲ್ಲ. ಈ ಹಂತದಲ್ಲಿ ಗಂಡು ರೆಕ್ಕೆ ಬಡಿಯುತ್ತ, ಕೂಗುತ್ತ ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ಗೂಡನ್ನು ಪರೀಕ್ಷಿಸುತ್ತದೆ. ಒಪ್ಪಿದರೆ ಗಂಡು ಉಳಿದ ಕೆಲಸ ಮುಗಿಸುತ್ತದೆ. ಒಪ್ಪದಿದ್ದರೆ ಹೆಣ್ಣು ಹಾರಿಹೋಗುತ್ತದೆ, ಗೂಡು ಹಾಗೆಯೇ ಅರ್ಧಕ್ಕೆ ಉಳಿಯುತ್ತದೆ. ಗೀಜಗಗಳಿರುವ ಮರದಲ್ಲಿ ನೀವು ಕಾಣುವ ಎಷ್ಟೋ ಅರೆಬರೆ ಗೂಡುಗಳು ಹೀಗೆ ಒಪ್ಪಿಗೆ ಸಿಗದೆ ನಿಂತವು.

ಆಗ ಗಂಡು ಏನು ಮಾಡುತ್ತದೆ? ಎಂಟು ದಿನದ ಶ್ರಮ ಹೋಯಿತು ಎಂದು ಆ ಗೂಡಿಗೇ ಅಂಟಿಕೊಂಡು ಕೂರುವುದಿಲ್ಲ. ಮತ್ತೆ ಗದ್ದೆಗೆ ಹಾರಿ ಒಂದು ಎಳೆ ಸೀಳಿ ತರುತ್ತದೆ. ಇನ್ನೊಂದು ಕೊಂಬೆಗೆ ಮೊದಲ ಗಂಟು ಹಾಕುತ್ತದೆ.

ಹಕ್ಕಿಗೆ ದುಃಖವಿಲ್ಲ, ಸಾಲವಿಲ್ಲ, ನೆಂಟರ ಮಾತಿಲ್ಲ, ಅದಕ್ಕೇನು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗೀಜಗ ನಮಗೆ ಪಾಠ ಹೇಳಲೆಂದು ಗೂಡು ಕಟ್ಟುವುದಿಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಕೊಟ್ಟಿಗೆಯಲ್ಲಿ ಕಣ್ಣೆದುರೇ ಹಸು ಬಿದ್ದುಹೋದವರಿಗೆ ಮಾರನೇ ದಿನವೇ ಇನ್ನೊಂದು ಹಸು ಕಟ್ಟಿ ಎಂದು ಹೇಳುವುದು ಆ ಕಥೆಯ ಗೀಜಗನ ಕೆಲಸವಾದೀತು. ಹೇಳಬೇಕಾದದ್ದು ಇಷ್ಟೇ: ಮತ್ತೆ ಶುರು ಮಾಡುವುದೆಂದರೆ ಕಳೆದುಹೋದದ್ದನ್ನೆಲ್ಲ ಒಂದೇ ಸಲ ಮರಳಿ ಕಟ್ಟುವುದಲ್ಲ. ಮೊದಲ ದಿನದ ಕೆಲಸ ಒಂದು ಎಳೆ ತರುವುದು ಮಾತ್ರ. ಖಾಲಿ ಕೊಟ್ಟಿಗೆಯನ್ನು ತೊಳೆದು ಸುಣ್ಣ ಹಾಕುವುದು ಒಂದು ಎಳೆ. ವಿಮೆಯ ಕಾಗದ ಎಲ್ಲಿದೆ ಎಂದು ಹುಡುಕುವುದು ಒಂದು ಎಳೆ. ಉಳಿದಿರುವ ಕರುವಿಗೆ ಜಂತುಹುಳುವಿನ ಔಷಧಿ ಹಾಕಿಸುವುದು ಒಂದು ಎಳೆ.

ಎಳೆ ತಪ್ಪೋ, ಕೊಂಬೆ ತಪ್ಪೋ?

ಹೆಣ್ಣು ಗೀಜಗ ಗೂಡಿನಲ್ಲಿ ಏನನ್ನು ನೋಡುತ್ತದೆ? ನೇಯ್ಗೆ ಚೆನ್ನಾಗಿದೆಯೇ ಎಂದು ಮಾತ್ರ ನೋಡುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಅಧ್ಯಯನ ಮಾಡಿದವರು ಕಂಡದ್ದು ಬೇರೆ. ಹೆಣ್ಣಿಗೆ ನೇಯ್ಗೆಗಿಂತ ಜಾಗ ಹೆಚ್ಚು ಮುಖ್ಯ. ಗೂಡು ಎತ್ತರದಲ್ಲಿದೆಯೇ, ಕೊಂಬೆ ಸಣ್ಣದಾಗಿದೆಯೇ ಎಂದು ನೋಡುತ್ತದೆ. ಅಂದರೆ ಒಪ್ಪಿಗೆ ಸಿಗದ ಎಷ್ಟೋ ಗೂಡುಗಳಲ್ಲಿ ಗಂಟಿನ ತಪ್ಪಿರಲಿಕ್ಕಿಲ್ಲ. ಕಟ್ಟಿದ ಕೊಂಬೆ ಸರಿ ಇರಲಿಕ್ಕಿಲ್ಲ.

ಈ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಏನಾದರೂ ಕೈತಪ್ಪಿದಾಗ ನಾವು ಮೊದಲು ಬೈದುಕೊಳ್ಳುವುದು ನಮ್ಮನ್ನೇ. ನನ್ನ ಹಣೆಬರಹ, ನನ್ನ ಕೈಗುಣ ಸರಿಯಿಲ್ಲ, ನನಗೆ ದನ ಕೂಡಿಬರುವುದಿಲ್ಲ ಎಂದು ಹೇಳುವವರನ್ನು ಎಲ್ಲ ಊರಿನಲ್ಲೂ ಕಾಣಬಹುದು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ದುಡಿಯುವವರೂ ಹೀಗೆ ಹೇಳುತ್ತಾರೆ. ಅವರ ದುಡಿಮೆಯಲ್ಲಿ ಕೊರತೆಯಿಲ್ಲ. ನೋಡಬೇಕಾದದ್ದು ಕೊಂಬೆಯನ್ನು.

ಹಸು ಮೂರು ಸಲ ಬೆದೆಗೆ ಬಂದು ಗಬ್ಬ ನಿಲ್ಲಲಿಲ್ಲ ಎನ್ನಿ. ಪ್ರತಿ ಸಲ ಕೈತಪ್ಪಿದಾಗ 21 ದಿನ ಹೋಗುತ್ತದೆ. ಇದಕ್ಕೆ ಹಣೆಬರಹವನ್ನು ದೂರುವ ಮೊದಲು ಸಮಯ ನೋಡಿ. ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮಾರನೇ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ಖನಿಜ ಮಿಶ್ರಣ ದಿನವೂ ಹೋಗುತ್ತಿದೆಯೇ ನೋಡಿ. ಗರ್ಭಕೋಶದಲ್ಲಿ ಸೋಂಕು ಇದೆಯೇ ಎಂದು ವೈದ್ಯರಿಂದ ಪರೀಕ್ಷೆ ಮಾಡಿಸಿ.

ಫ್ಯಾಟು ಇಳಿದಿದೆ ಎನ್ನಿ. ಹಿಂಡಿ ಹೆಚ್ಚು ಹಾಕಿ ಒಣಮೇವು ಕಡಿಮೆ ಮಾಡಿದ್ದೀರಾ? ಕೊನೆಯ ಹಾಲನ್ನು ಕೆಚ್ಚಲಿನಲ್ಲೇ ಬಿಡುತ್ತಿದ್ದೀರಾ? ಫ್ಯಾಟು ಹೆಚ್ಚಿರುವುದು ಆ ಕೊನೆಯ ಹಾಲಿನಲ್ಲೇ. ಮಿಶ್ರತಳಿ ಹಸು ಬೇಸಿಗೆಯಲ್ಲಿ ಹಾಲು ಇಳಿಸಿತು ಎನ್ನಿ. ನಿಮ್ಮ ಮೇವಿನಲ್ಲಿ ಕೊರತೆ ಇಲ್ಲದಿರಬಹುದು. ಮೇಲಿನ ತಗಡಿನ ಬಿಸಿ, ಬಾನಿಯಲ್ಲಿ ಮಧ್ಯಾಹ್ನ ಖಾಲಿಯಾಗುವ ನೀರು, ಗಾಳಿ ಆಡದ ಗೋಡೆ ಕಾರಣವಿರಬಹುದು. ಎಳೆ ಅದೇ, ಕೈ ಅದೇ. ಜಾಗ ಬದಲಾದರೆ ಗೂಡು ನಿಲ್ಲುತ್ತದೆ.

ಕೊಂಬೆ ಬದಲಿಸಿದವರ ದೊಡ್ಡ ಉದಾಹರಣೆ ನಮ್ಮ ಸಹಕಾರ ಚಳವಳಿಯಲ್ಲೇ ಇದೆ. 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ರೈತರ ಹಾಲಿನಲ್ಲಿ ತಪ್ಪಿರಲಿಲ್ಲ, ದುಡಿಮೆಯಲ್ಲಿ ತಪ್ಪಿರಲಿಲ್ಲ. ಆದರೂ ಕೈಗೆ ಬರುತ್ತಿದ್ದ ಬೆಲೆ ಸಾಲುತ್ತಿರಲಿಲ್ಲ. ಹಾಲನ್ನು ಬೇರೆ ಯಾರಿಗೂ ಮಾರಲಾಗದ ಹಾಗೆ ವ್ಯವಸ್ಥೆ ಇತ್ತು. ಅವರು 15 ದಿನ ಹಾಲು ಹಾಕುವುದನ್ನೇ ನಿಲ್ಲಿಸಿದರು. ತ್ರಿಭುವನದಾಸ್ ಪಟೇಲರ ಮುಂದಾಳತ್ವದಲ್ಲಿ ಹಳ್ಳಿಹಳ್ಳಿಯಲ್ಲಿ ಸಂಘ ಕಟ್ಟಿದರು. ಅದೇ ವರ್ಷ ಡಿಸೆಂಬರ್ 14ರಂದು ಅವರ ಒಕ್ಕೂಟ ನೋಂದಣಿಯಾಯಿತು. ಇಂದು ನೀವು ಹಾಲು ಹಾಕುವ ಸಂಘವೂ ಆ ದಾರಿಯಲ್ಲೇ ಹುಟ್ಟಿದ್ದು. ನಾವು ಕೆಟ್ಟ ರೈತರು ಎಂದು ಅವರು ತೀರ್ಮಾನಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಕೆಲಸ ಕಳೆದುಕೊಂಡ ವ್ಯಕ್ತಿ ಮತ್ತು ಗೀಜಗ

ಗೀಜಗನ ಈ ಸಂಗತಿಗಳು ನಮಗೆ ತಿಳಿದದ್ದು ಹೇಗೆ ಎಂಬುದೂ ಕೇಳಬೇಕಾದ ಕಥೆ. ಭಾರತದ ಹೆಸರಾಂತ ಪಕ್ಷಿತಜ್ಞ ಸಲೀಂ ಅಲಿ 1930ರಲ್ಲಿ ಜರ್ಮನಿಯಲ್ಲಿ ತರಬೇತಿ ಪಡೆದು ಊರಿಗೆ ಮರಳಿದರು. ಬಂದು ನೋಡಿದರೆ ಮುಂಬೈನ ವಸ್ತುಸಂಗ್ರಹಾಲಯದಲ್ಲಿ ಅವರಿಗಿದ್ದ ಹುದ್ದೆಯೇ ಇರಲಿಲ್ಲ. ಹಣವಿಲ್ಲವೆಂದು ತೆಗೆದುಹಾಕಿದ್ದರು. ಬೇರೆ ಕೆಲಸ ಸಿಗಲಿಲ್ಲ. ಪತ್ನಿ ತೆಹ್ಮಿನಾ ಅವರೊಡನೆ ಮುಂಬೈ ಸಮೀಪದ ಕಿಹಿಮ್ ಎಂಬ ಕಡಲತೀರದ ಹಳ್ಳಿಗೆ ಹೋಗಿ ನೆಲೆಸಿದರು.

ಅಲ್ಲಿ ಮರದಲ್ಲಿ ಗೀಜಗಗಳು ಗೂಡು ಕಟ್ಟುತ್ತಿದ್ದವು. ಕೆಲಸವಿಲ್ಲದ ಆ ದಿನಗಳಲ್ಲಿ ಸಲೀಂ ಅಲಿ ಅವನ್ನೇ ಕೂತು ನೋಡಿದರು, ನೋಡಿದ್ದನ್ನು ಬರೆದುಕೊಂಡರು. ಹೆಣ್ಣು ಬಂದು ಗೂಡನ್ನು ಒಪ್ಪಿಕೊಳ್ಳುವುದು, ಒಂದು ಗೂಡು ತುಂಬಿದ ಮೇಲೆ ಗಂಡು ಮತ್ತೊಂದು ಗೂಡು ಶುರು ಮಾಡಿ ಇನ್ನೊಂದು ಹೆಣ್ಣನ್ನು ಕರೆಯುವುದು ಅವರ ಕಣ್ಣಿಗೆ ಬಿತ್ತು. ಅವರಿಗೆ ಹೆಸರು ತಂದುಕೊಟ್ಟ ಅಧ್ಯಯನಗಳಲ್ಲಿ ಇದೂ ಒಂದು. ಮುಂದೆ ಅವರು ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳನ್ನೂ ಸಮೀಕ್ಷೆ ಮಾಡಿದರು. 1976ರಲ್ಲಿ ಪದ್ಮವಿಭೂಷಣ ಗೌರವ ಪಡೆದರು.

ಕೆಲಸ ಹೋದ ಮನುಷ್ಯನಿಗೆ ಆ ಹಕ್ಕಿ ಕೆಲಸ ಕೊಟ್ಟಿತು ಎನ್ನಬಹುದು. ಆದರೆ ಕೈಯಲ್ಲಿ ಪುಸ್ತಕ, ಪೆನ್ಸಿಲ್ಲು ಇಲ್ಲದಿದ್ದರೆ ಆ ದಿನಗಳು ಸುಮ್ಮನೆ ಕಳೆದುಹೋಗುತ್ತಿದ್ದವು. ನಿಮ್ಮ ಕೊಟ್ಟಿಗೆಗೂ ಇದು ಅನ್ವಯಿಸುತ್ತದೆ. ಯಾವ ಹಸು ಯಾವ ದಿನ ಬೆದೆಗೆ ಬಂತು, ಯಾವತ್ತು ಕೃತಕ ಗರ್ಭಧಾರಣೆ ಆಯಿತು, ಎಂದಿನಿಂದ ಹಾಲು ಇಳಿಯಿತು, ಅದರ ಹಿಂದಿನ ವಾರ ಮೇವಿನಲ್ಲಿ ಏನು ಬದಲಾಯಿತು ಎಂದು ಬರೆದಿಟ್ಟವರಿಗೆ ಕೊಂಬೆ ಎಲ್ಲಿ ತಪ್ಪಿದೆ ಎಂದು ಕಾಣುತ್ತದೆ. ಬರೆಯದಿದ್ದವರಿಗೆ ಹಣೆಬರಹ ಮಾತ್ರ ಕಾಣುತ್ತದೆ.

ಹುಟ್ಟಿನಿಂದಲೇ ಬಂದದ್ದಲ್ಲ

ಗೀಜಗನಿಗೆ ನೇಯ್ಗೆ ಹುಟ್ಟಿನಿಂದಲೇ ಬಂದ ವಿದ್ಯೆ ಎಂದು ನಾವು ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ಆಫ್ರಿಕಾದಲ್ಲಿ ಗೀಜಗನ ಬಳಗಕ್ಕೆ ಸೇರಿದ ಹಕ್ಕಿಗಳ ಮೇಲೆ ಕೋಲಿಯಾಸ್ ಎಂಬ ದಂಪತಿ ಬಹಳ ಕಾಲ ಅಧ್ಯಯನ ಮಾಡಿದರು. ಎಳೆಯ ವಯಸ್ಸಿನ ಗಂಡುಗಳು ಮೊದಲು ಹುಲ್ಲನ್ನು ಕಚ್ಚಿ, ಎಳೆದು, ತೂರಿಸಿ ಆಟದ ಹಾಗೆ ಅಭ್ಯಾಸ ಮಾಡುತ್ತವೆ. ಅವುಗಳ ಮೊದಲ ಗೂಡುಗಳು ಸಡಿಲ, ಒರಟು. ಎಳೆಯದರಲ್ಲಿ ಹುಲ್ಲೇ ಸಿಗದಂತೆ ಬೆಳೆಸಿದ ಗಂಡುಗಳು ದೊಡ್ಡವಾದ ಮೇಲೆ ಎಳೆ ನೇಯಲು ಹೆಣಗಿದವು.

ನಮ್ಮ ಸಂಘಗಳಲ್ಲಿ ಹಾಲು ಹಾಕುವ ಎಷ್ಟೋ ತಾಯಂದಿರು ತರಬೇತಿಗೆ ಬನ್ನಿ ಎಂದರೆ, ನಮಗೆ ಓದು ಬರಹ ಬರುವುದಿಲ್ಲ, ನಮ್ಮ ಮಗನನ್ನು ಕಳಿಸುತ್ತೇವೆ ಎನ್ನುತ್ತಾರೆ. ಹಾಲು ಕರೆಯುವವರು ನೀವು, ಮೇವು ಹಾಕುವವರು ನೀವು, ಹಸುವಿನ ಮುಖ ನೋಡಿ ಜ್ವರ ಗುರುತಿಸುವವರು ನೀವು. ಕೆಚ್ಚಲು ಬಾವು ತಡೆಯುವ ಕ್ರಮ ಕಲಿಯಬೇಕಾದವರೂ ನೀವೇ. ಹಾಲು ಕರೆದ ಮೇಲೆ ಮೊಲೆತೊಟ್ಟುಗಳನ್ನು ಔಷಧಿ ದ್ರಾವಣದಲ್ಲಿ ಅದ್ದುವುದು, ಹಸು ಕೂಡಲೇ ಮಲಗದ ಹಾಗೆ ಮುಂದೆ ಸ್ವಲ್ಪ ಮೇವು ಹಾಕಿ ಅರ್ಧ ಗಂಟೆ ನಿಲ್ಲಿಸುವುದು, ಇವಕ್ಕೆ ಅಕ್ಷರ ಬೇಕಾಗಿಲ್ಲ. ಹಾಲು ಕರೆದ ಸ್ವಲ್ಪ ಹೊತ್ತು ತೊಟ್ಟಿನ ರಂಧ್ರ ತೆರೆದೇ ಇರುತ್ತದೆ, ಆಗ ಮಲಗಿದರೆ ಸೋಂಕು ಒಳಗೆ ಹೋಗುತ್ತದೆ ಎಂಬ ಕಾರಣ ತಿಳಿದರೆ ಸಾಕು.

ಮೊದಲ ಸಲ ತಪ್ಪಬಹುದು. ಸರ್ವಸದಸ್ಯರ ಸಭೆಯಲ್ಲಿ ಮೊದಲ ಸಲ ಎದ್ದು ನಿಂತು ಪ್ರಶ್ನೆ ಕೇಳುವಾಗ ದನಿ ನಡುಗಬಹುದು. ಮೊದಲ ಗೂಡು ಎಲ್ಲರದೂ ಸಡಿಲವೇ.

ಬೆಳ್ಳಕ್ಕಿ ನಿಲ್ಲುವ ಜಾಗ

ಕಲಿಯುವುದು ಎಲ್ಲಿ ಎಂದು ಕೇಳಿದರೆ ನಿಮ್ಮ ಹಸುವಿನ ಪಕ್ಕದಲ್ಲೇ ಇನ್ನೊಂದು ಹಕ್ಕಿ ಉತ್ತರ ಹೇಳುತ್ತದೆ. ಮಳೆಗಾಲದಲ್ಲಿ ತಲೆ, ಕತ್ತುಗಳಿಗೆ ಕಿತ್ತಳೆ ಬಣ್ಣ ಬಂದಿರುವ ಬೆಳ್ಳಕ್ಕಿಗಳು ಮೇಯುವ ದನದ ಕಾಲ ಬಳಿಯೇ ಹೆಜ್ಜೆ ಹಾಕುವುದನ್ನು ನೀವು ದಿನವೂ ನೋಡುತ್ತೀರಿ. ದನ ಹೆಜ್ಜೆ ಇಟ್ಟಾಗ ಹುಲ್ಲಿನಿಂದ ಮಿಡತೆ ಹಾರುತ್ತದೆ, ಬೆಳ್ಳಕ್ಕಿ ಹಿಡಿಯುತ್ತದೆ. ಒಂಟಿಯಾಗಿ ಹುಡುಕುವ ಬೆಳ್ಳಕ್ಕಿಗಿಂತ ದನದ ಜೊತೆ ಹೋಗುವ ಬೆಳ್ಳಕ್ಕಿಗೆ ಕಡಿಮೆ ಹೆಜ್ಜೆಯಲ್ಲಿ ಹೆಚ್ಚು ಹುಳ ಸಿಗುತ್ತದೆ ಎಂದು ತಜ್ಞರು ಎಣಿಸಿಯೇ ನೋಡಿದ್ದಾರೆ. ಹೀಗೆ ದನದ ಹಿಂದೆ ನಡೆಯುವ ಬೆಳ್ಳಕ್ಕಿ ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಆಫ್ರಿಕಾದಿಂದ ಸಮುದ್ರ ದಾಟಿ ದಕ್ಷಿಣ ಅಮೆರಿಕ ಸೇರಿತು. ದನದ ಹುಲ್ಲುಗಾವಲು ಹೆಚ್ಚಿದ ಕಡೆಯೆಲ್ಲ ಹರಡಿತು. ಅದನ್ನು ಅಲ್ಲಿಗೆ ಯಾರೂ ಒಯ್ದು ಬಿಡಲಿಲ್ಲ.

ಸರಿಯಾದ ಜಾಗದಲ್ಲಿ ನಿಲ್ಲುವುದೂ ದುಡಿಮೆಯೇ. ನಿಮ್ಮ ಊರಿನಲ್ಲಿ ಇಂತಹದೇ ಹಸು, ಇಷ್ಟೇ ಜಮೀನು ಇಟ್ಟುಕೊಂಡು ಚೆನ್ನಾಗಿ ಹಾಲು ಹಾಕುವ ಒಬ್ಬರಾದರೂ ಇರುತ್ತಾರೆ. ಒಂದು ಸಂಜೆ ಹಾಲು ಕರೆಯುವ ಹೊತ್ತಿಗೆ ಅವರ ಕೊಟ್ಟಿಗೆಗೆ ಹೋಗಿ ನಿಂತು ನೋಡಿ. ಅವರು ನೀರು ಎಷ್ಟು ಸಲ ಇಡುತ್ತಾರೆ, ಹುಟ್ಟಿದ ಕರುವಿಗೆ ಗಿಣ್ಣು ಹಾಲನ್ನು ಎಷ್ಟು ಬೇಗ ಕುಡಿಸುತ್ತಾರೆ ಎಂದು ಕೇಳಿ. ಕೇಳುವುದು ಅವಮಾನವಲ್ಲ.

ಒಂಟಿ ಮರವಲ್ಲ

ಗೀಜಗ ಸಾಮಾನ್ಯವಾಗಿ ಒಂಟಿಯಾಗಿ ಗೂಡು ಕಟ್ಟುವುದಿಲ್ಲ. ಒಂದೇ ಮರದಲ್ಲಿ ಹತ್ತಾರು ಗೂಡುಗಳು ತೂಗುತ್ತಿರುತ್ತವೆ. ಪೂರ್ತಿಯಾದವೂ ಅರ್ಧಕ್ಕೆ ನಿಂತವೂ ಅಕ್ಕಪಕ್ಕದಲ್ಲೇ ಇರುತ್ತವೆ. ನಮ್ಮ ಸಂಘವೂ ಹಾಗೆಯೇ. ಸಾಲಿನಲ್ಲಿ ನಿಮ್ಮ ಮುಂದೆ ಕ್ಯಾನು ಹಿಡಿದು ನಿಂತವರ ಮನೆಯಲ್ಲೂ ಒಂದು ಅರ್ಧ ಗೂಡು ಇದ್ದೇ ಇರುತ್ತದೆ.

ಸಾಲದ ಚಿಂತೆಯಿಂದ ರಾತ್ರಿ ನಿದ್ದೆ ಹತ್ತುತ್ತಿಲ್ಲವಾದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಅದನ್ನು ಒಬ್ಬರೇ ಹೊರಬೇಡಿ. ಮನೆಯವರಿಗೆ ಹೇಳಿ, ಸಂಘದ ಕಾರ್ಯದರ್ಶಿಗೆ ಹೇಳಿ. ಅವರಿಗೆ ಹೇಳಲು ಸಂಕೋಚವಾದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತನಾಡಬಹುದು. ಹಸುವಿಗೆ ಜ್ವರ ಬಂದರೆ ವೈದ್ಯರನ್ನು ಕರೆಯಲು ನಾವು ನಾಚುವುದಿಲ್ಲ. ನಮ್ಮ ಮನಸ್ಸಿಗೂ ಆ ನ್ಯಾಯವೇ ಇರಲಿ. ನಿಮ್ಮ ನೆರೆಯವರು ನಾಲ್ಕು ದಿನದಿಂದ ಹಾಲು ಹಾಕಲು ಬಂದಿಲ್ಲವಾದರೆ ಹೋಗಿ ವಿಚಾರಿಸಿ. ಬುದ್ಧಿ ಹೇಳಬೇಡಿ. ಒಂದು ಹೊರೆ ಮೇವು ತೆಗೆದುಕೊಂಡು ಹೋಗಿ.

ಈ ತಿಂಗಳ ಒಂದು ಕೆಲಸ

ಒಂದು ಹಳೆಯ ನೋಟ್‌ಬುಕ್ ತೆಗೆದುಕೊಳ್ಳಿ. ನಿಮ್ಮ ಕೊಟ್ಟಿಗೆಯಲ್ಲಿ ಅರ್ಧಕ್ಕೆ ನಿಂತಿರುವ ಒಂದೇ ಒಂದು ಕೆಲಸವನ್ನು ಬರೆಯಿರಿ. ಗಬ್ಬ ನಿಲ್ಲದ ಹಸು ಇರಬಹುದು, ಇಳಿದ ಫ್ಯಾಟು ಇರಬಹುದು, ಹಸಿರು ಮೇವು ಬೆಳೆಯಲು ಬಿಟ್ಟ ಜಾಗ ಇರಬಹುದು. ಅದರ ಕೆಳಗೆ ಎರಡು ಪ್ರಶ್ನೆ ಬರೆಯಿರಿ: ಎಳೆ ತಪ್ಪೋ, ಕೊಂಬೆ ತಪ್ಪೋ? ಬರೆಯಲು ಬಾರದಿದ್ದರೆ ಮಕ್ಕಳಿಂದ ಬರೆಸಿ. ವಿಸ್ತರಣಾಧಿಕಾರಿಗಳು ಸಂಘಕ್ಕೆ ಬಂದಾಗ ಆ ಪುಟವನ್ನು ತೋರಿಸಿ ಮಾತನಾಡಿ.

ಇನ್ನೊಂದು ಕೋರಿಕೆ. ಹೊಲದ ಬದುವಿನಲ್ಲಿ ಗೀಜಗನ ಗೂಡುಗಳಿರುವ ಜಾಲಿಯನ್ನೋ ಈಚಲನ್ನೋ ಕಡಿಯುವುದಿದ್ದರೆ ಮರಿಗಳು ಹಾರುವವರೆಗೆ ತಡೆಯಿರಿ. ಗೂಡಿನೊಳಗೆ ಮಿಂಚುಹುಳವನ್ನು ಮಣ್ಣಿನಲ್ಲಿ ಅಂಟಿಸಿ ದೀಪ ಮಾಡಿಕೊಳ್ಳುತ್ತದೆ ಎಂದು ಅಜ್ಜಿಯರು ಹೇಳುತ್ತಿದ್ದರು. ದೀಪದ ಮಾತು ಕಥೆ, ಆದರೆ ಗೋಡೆಗೆ ಮಣ್ಣು ಮೆತ್ತುವುದು ನಿಜ. ಮಳೆಗಾಲ ಮುಗಿದ ಮೇಲೆ ಬಿದ್ದ ಗೂಡೊಂದು ಸಿಕ್ಕರೆ ಮನೆಗೆ ತಂದು ಮಕ್ಕಳಿಗೆ ತೋರಿಸಿ, ಎಳೆಗಳನ್ನು ಒಂದೊಂದಾಗಿ ಬಿಡಿಸಿ ಎಣಿಸಲು ಹೇಳಿ. ಎಣಿಸಿ ಮುಗಿಸುವಷ್ಟರಲ್ಲಿ ಸಂಜೆಯ ಹಾಲು ಕರೆಯುವ ಹೊತ್ತಾಗಿರುತ್ತದೆ.